ಕಾಣದ ಗಾಯಕ್ಕೆ ಸಾಕ್ಷಿ



ಮೌಲ್ಯಮಾಪನ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಿಮಗೆ ನೆನಪಾಗುವುದು ಉತ್ತರ ಪತ್ರಿಕೆ, ಕೆಂಪು ಶಾಯಿ ಮತ್ತು ಅಂಕಪಟ್ಟಿ. ಇಂದು ನಾನು ಮಾತನಾಡಲಿರುವುದು ಬೇರೊಂದು ಬಗೆಯ ಮೌಲ್ಯಮಾಪನವನ್ನು ಕುರಿತು. ಮದುವೆಯಾಗಿ ಅಮೆರಿಕಕ್ಕೆ ಹೋದ ಹೆಣ್ಣುಮಗಳೊಬ್ಬಳು ಅಲ್ಲಿ ಗಂಡನ ದೌರ್ಜನ್ಯಕ್ಕೆ ಗುರಿಯಾಗುತ್ತಾಳೆ. ಗಂಡನ ಹಂಗಿಲ್ಲದೆ ಆ ದೇಶದಲ್ಲಿ ನೆಲೆಸಲು ಅನುಮತಿ ಬೇಡುತ್ತಾಳೆ. ಆಗ ಮನಶ್ಶಾಸ್ತ್ರಜ್ಞರು ಆಕೆಯನ್ನು ಸಂದರ್ಶಿಸಿ, ಮನಸ್ಸಿಗಾದ ಗಾಯದ ಬಗ್ಗೆ ಒಂದು ವರದಿ ಬರೆಯುತ್ತಾರೆ. ಅದೇ ಈ ಮೌಲ್ಯಮಾಪನ. ಇದರಲ್ಲಿ ಪಾಸು-ನಪಾಸು ಎಂಬುದಿಲ್ಲ.

ದೇಶದಲ್ಲಿ ಉಳಿಯುವ ಹಕ್ಕಿಗೂ ಗಂಡನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅಮೆರಿಕದ ಪೌರನನ್ನು ಅಥವಾ ಖಾಯಂ ನಿವಾಸಿಯನ್ನು ಮದುವೆಯಾದವರ ಪರವಾಗಿ ಅರ್ಜಿ ಹಾಕಬೇಕಾದವನು ಸಾಮಾನ್ಯವಾಗಿ ಆ ಸಂಗಾತಿಯೇ. ಇದರ ಮೇಲೆ, ಹುಸಿ ಮದುವೆಗಳನ್ನು ತಡೆಯಲು 1986ರಲ್ಲಿ ಇನ್ನೊಂದು ಕಾನೂನು ಬಂತು. ಹೊಸದಾಗಿ ಮದುವೆಯಾದವರಿಗೆ ಮೊದಲು 2 ವರ್ಷಗಳ ಷರತ್ತುಬದ್ಧ ನಿವಾಸ ಮಾತ್ರ. ಅವಧಿ ಮುಗಿಯುವ ಮುನ್ನ ಗಂಡ-ಹೆಂಡತಿ ಇಬ್ಬರೂ ಸಹಿ ಹಾಕಿ, ಷರತ್ತು ತೆಗೆಯುವಂತೆ ಕೋರಬೇಕು. ವಂಚನೆ ತಡೆಯಲು ತಂದ ಈ ನಿಯಮ, ಕ್ರೂರಿಯಾದ ಗಂಡನ ಕೈಗೆ ಒಂದು ಆಯುಧವನ್ನೇ ಕೊಟ್ಟಿತು. "ನಾನು ಸಹಿ ಹಾಕದಿದ್ದರೆ ನೀನು ಊರಿಗೆ ಮರಳಬೇಕಾದೀತು" ಎಂಬ ಒಂದು ಮಾತು ಸಾಕಲ್ಲವೇ, ಅವಳ ಬಾಯಿ ಕಟ್ಟಲು?

ಈ ತೊಡಕನ್ನು ಮನಗಂಡು 1990ರ ವಲಸೆ ಕಾಯಿದೆಯಲ್ಲಿ ಒಂದು ವಿನಾಯಿತಿ ಸೇರಿಸಲಾಯಿತು. ಹೊಡೆತಕ್ಕೆ ಅಥವಾ 'ತೀವ್ರ ಕ್ರೌರ್ಯ'ಕ್ಕೆ ಒಳಗಾದವರು ಗಂಡನ ಸಹಿಯಿಲ್ಲದೆಯೇ ಅರ್ಜಿ ಸಲ್ಲಿಸಬಹುದು. ಹೊಡೆತವಾದರೆ ಆಸ್ಪತ್ರೆಯ ಚೀಟಿ, ಛಾಯಾಚಿತ್ರ, ಪೊಲೀಸರ ದಾಖಲೆ ಇರಬಹುದು. ಮಾನಸಿಕ ಕ್ರೌರ್ಯಕ್ಕೆ ಸಾಕ್ಷಿ ಎಲ್ಲಿಂದ ತರುವುದು? 1991ರಲ್ಲಿ ವಲಸೆ ಇಲಾಖೆ ಒಂದು ನಿಯಮ ಮಾಡಿತು: ಮಾನಸಿಕ ಕ್ರೌರ್ಯ ಎನ್ನುವವರು ಪರವಾನಗಿ ಪಡೆದ ತಜ್ಞರ ಮೌಲ್ಯಮಾಪನ ವರದಿಯನ್ನು ತರಲೇಬೇಕು.

ಮೇಲುನೋಟಕ್ಕೆ ಇದು ವೈಜ್ಞಾನಿಕವಾಗಿಯೇ ಕಾಣುತ್ತದೆ. ಆದರೆ ಕೈಯಲ್ಲಿ ಕಾಸಿಲ್ಲದ, ಇಂಗ್ಲಿಷ್ ಬಾರದ, ಮನೆಯಿಂದ ಹೊರಗೆ ಕಾಲಿಡಲು ಬಿಡದ ಹೆಣ್ಣು ತಜ್ಞರ ಬಳಿಗೆ ಹೋಗುವುದು ಹೇಗೆ? ಯಾರನ್ನು ಹೆಚ್ಚು ಕೂಡಿಹಾಕಲಾಗಿತ್ತೋ ಅವರಿಗೇ ಬಾಗಿಲು ಹೆಚ್ಚು ಬಿಗಿಯಾಯಿತು. 1994ರಲ್ಲಿ ಬಂದ ಮಹಿಳಾ ದೌರ್ಜನ್ಯ ವಿರೋಧಿ ಕಾಯಿದೆ ಇದನ್ನು ಸಡಿಲಿಸಿ, ನಂಬಲರ್ಹವಾದ ಯಾವುದೇ ಸಾಕ್ಷ್ಯವನ್ನು ಪರಿಗಣಿಸಬೇಕು ಎಂದಿತು. ನೆರೆಯವರ ಹೇಳಿಕೆ, ಪತ್ರಗಳು, ಆಕೆಯದೇ ಪ್ರಮಾಣ ಪತ್ರ, ಎಲ್ಲಕ್ಕೂ ಬೆಲೆ ಬಂತು. ಪೌರ ಅಥವಾ ಖಾಯಂ ನಿವಾಸಿಯಾದ ಗಂಡನಿಗೆ ತಿಳಿಸದೆಯೇ ಹೆಂಡತಿ ತಾನಾಗಿ ಅರ್ಜಿ ಹಾಕುವ ದಾರಿಯನ್ನೂ ಇದೇ ಕಾಯಿದೆ ತೆರೆಯಿತು. ಹೆಸರಿನಲ್ಲಿ ಮಹಿಳೆ ಎಂದಿದ್ದರೂ ಈ ದಾರಿ ಗಂಡಸರಿಗೂ ಉಂಟು.

ಹೀಗಾಗಿ ಇಂದು ಮನೋವೈಜ್ಞಾನಿಕ ವರದಿ ದಾಟಲೇಬೇಕಾದ ಹೊಸ್ತಿಲಲ್ಲ. ದೊರೆತರೆ ಬಲ ಕೊಡುವ ಒಂದು ಸಾಕ್ಷಿ. ಈ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ಇನ್ನು ಮೌಲ್ಯಮಾಪನ ನಡೆಯುವ ಬಗೆಯನ್ನು ನೋಡೋಣ. ತಜ್ಞರು ಕೆಲವು ಗಂಟೆಗಳ ಕಾಲ, ಕೆಲವೊಮ್ಮೆ ಎರಡು ಮೂರು ಬಾರಿ, ಆಕೆಯೊಡನೆ ಮಾತನಾಡುತ್ತಾರೆ. ಬಾಲ್ಯ, ಓದು, ಮದುವೆಗೆ ಮುಂಚಿನ ಆರೋಗ್ಯ, ಆಮೇಲಿನ ಬದಲಾವಣೆ ಎಲ್ಲವನ್ನೂ ಕೇಳುತ್ತಾರೆ. ಜೊತೆಗೆ ಕೆಲವು ಪ್ರಶ್ನಾವಳಿಗಳಿವೆ. ಖಿನ್ನತೆಯನ್ನು ಅಳೆಯುವ ಒಂದರಲ್ಲಿ 9 ಪ್ರಶ್ನೆಗಳು. ಕಳೆದ ಎರಡು ವಾರಗಳ ಅನುಭವಕ್ಕೆ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 27. ಆಘಾತದ ನಂತರದ ಒತ್ತಡವನ್ನು ಅಳೆಯುವ ಇನ್ನೊಂದರಲ್ಲಿ 20 ಪ್ರಶ್ನೆಗಳು, ಒಟ್ಟು 80 ಅಂಕ. ದುಃಸ್ವಪ್ನ, ಬೆಚ್ಚಿಬೀಳುವುದು, ನೆನಪು ಬರುವ ಜಾಗಗಳಿಂದ ದೂರ ಸರಿಯುವುದು, ಇಂಥವು ಅದರಲ್ಲಿವೆ. ಅಮೆರಿಕದ ಮನೋವೈದ್ಯರ ಸಂಘ ಈ ಬೇನೆಯನ್ನು ತನ್ನ ಅಧಿಕೃತ ರೋಗಪಟ್ಟಿಗೆ ಸೇರಿಸಿದ್ದು 1980ರಲ್ಲಿ.

ಅಂಕ ಹೆಚ್ಚು ಬಂದ ಮಾತ್ರಕ್ಕೆ ಗಂಡ ಅಪರಾಧಿ ಎಂದಾಗುವುದಿಲ್ಲ. ಜ್ವರಮಾಪಕ ಜ್ವರವಿದೆ ಎನ್ನುತ್ತದೆ, ಕಾರಣ ಹೇಳುವುದಿಲ್ಲ. ಆದ್ದರಿಂದ ನಿಷ್ಠೆಯುಳ್ಳ ತಜ್ಞರು ಬೇರೆ ಕಾರಣಗಳನ್ನೂ ಪರಿಶೀಲಿಸುತ್ತಾರೆ. ಇದು ಹಳೆಯ ಕಾಯಿಲೆಯೇ? ಪರದೇಶದ ಒಂಟಿತನವೇ? ಲಕ್ಷಣಗಳನ್ನು ಹಿಗ್ಗಿಸಿ ಹೇಳಲಾಗುತ್ತಿದೆಯೇ? ಇವನ್ನೆಲ್ಲ ತೂಗಿ, ಕಂಡ ಲಕ್ಷಣಗಳು ಆಕೆ ಹೇಳಿದ ಸಂಗತಿಗಳಿಗೆ ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂದಷ್ಟೇ ಬರೆಯುತ್ತಾರೆ. ತೀರ್ಪು ನೀಡುವುದು ಅವರ ಕೆಲಸವಲ್ಲ. ಅತಿಯಾಗಿ ವಾದಿಸುವ ವರದಿ ನಂಬಿಕೆ ಕಳೆದುಕೊಳ್ಳುತ್ತದೆ. ಅದರಿಂದ ನಷ್ಟವಾಗುವುದು ನೊಂದವಳಿಗೇ.

ವರದಿಯ ದೊಡ್ಡ ಉಪಯೋಗ ಇನ್ನೊಂದಿದೆ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಒಂದು ಸೌಕರ್ಯವುಂಟು. ಚಿತ್ರೀಕರಿಸಿದ ಟೇಪನ್ನು ಎಷ್ಟು ಬಾರಿ ಹಿಂದಕ್ಕೆ ಸುತ್ತಿದರೂ ಅದೇ ದೃಶ್ಯ, ಅದೇ ಕ್ರಮ. ನೆನಪು ಹೀಗಲ್ಲ. ಭಯದ ಹೊತ್ತಿನಲ್ಲಿ ಮಿದುಳಿನ ಅಮಿಗ್ಡಲಾ ಎಂಬ ಭಾಗ ಚುರುಕಾಗಿ, ಆ ಕ್ಷಣದ ತಿರುಳನ್ನು ಆಳವಾಗಿ ಅಚ್ಚೊತ್ತಿಸುತ್ತದೆ. ಘಟನೆಗಳನ್ನು ಕಾಲ-ಸ್ಥಳಗಳೊಡನೆ ಜೋಡಿಸುವ ಹಿಪೊಕ್ಯಾಂಪಸ್‌ನ ಕೆಲಸಕ್ಕೆ ತೀವ್ರ ಒತ್ತಡ ಅಡ್ಡಿಯಾಗಬಹುದು. ಹೀಗಾಗಿ ಬಾಗಿಲು ಧಡಾರೆಂದು ಮುಚ್ಚಿದ ಸದ್ದು ನೆನಪಿರುತ್ತದೆ. ಅದು ಮಾರ್ಚಿಯೋ ಮೇ ತಿಂಗಳೋ ನೆನಪಿರುವುದಿಲ್ಲ. ಅರ್ಜಿಯಲ್ಲೊಂದು ದಿನಾಂಕ, ವಿಚಾರಣೆಯಲ್ಲೊಂದು ದಿನಾಂಕ ಬಂದರೆ ಅಧಿಕಾರಿಗೆ ಅದು ಸುಳ್ಳೆಂದು ತೋರಬಹುದು. ದಿನಾಂಕ ತಪ್ಪುವುದು ಸುಳ್ಳಿನ ಗುರುತಾಗಿರಬೇಕಾಗಿಲ್ಲ ಎಂದು ವಿಜ್ಞಾನದ ಆಧಾರದಿಂದ ವಿವರಿಸುವುದು ತಜ್ಞರಿಗೆ ಸಾಧ್ಯ.

ಹಾಗೆಯೇ, "ಅಷ್ಟು ಕಷ್ಟವಿದ್ದರೆ ಮತ್ತೆ ಅವನ ಬಳಿಗೇ ಏಕೆ ಹೋದಳು?" ಎಂಬ ಪ್ರಶ್ನೆ. ಲೆನೋರ್ ವಾಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದೌರ್ಜನ್ಯದ ಒಂದು ಚಕ್ರವನ್ನು ಗುರುತಿಸಿದರು: ಒತ್ತಡ ಏರುವುದು, ಸಿಡಿಯುವುದು, ಆಮೇಲೆ ಕಣ್ಣೀರು, ಕ್ಷಮೆ, ಆಣೆ-ಪ್ರಮಾಣ. ಎಲ್ಲ ಪ್ರಕರಣಗಳೂ ಈ ಚಕ್ರದಂತೆ ನಡೆಯುವುದಿಲ್ಲ, ನಿಜ. ಆದರೂ 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಇಂಥದೇ ವಿಷಯವನ್ನು ಪರಿಗಣಿಸಿತು. ಗಂಡನ ಹಿಂಸೆಗೆ ಅಂಜಿ ಮೆಕ್ಸಿಕೋದಿಂದ ಅಮೆರಿಕಕ್ಕೆ ಓಡಿಬಂದಿದ್ದ ಹೆಣ್ಣನ್ನು, ಬದಲಾಗುತ್ತೇನೆಂದು ನಂಬಿಸಿ ಅವನು ಮರಳಿ ಕರೆದೊಯ್ದಿದ್ದ. ಆ ನಯವಾದ ಮಾತೂ ಹಿಂಸೆಯ ಸರಪಳಿಯ ಒಂದು ಕೊಂಡಿ, ಅದೂ ತೀವ್ರ ಕ್ರೌರ್ಯವೇ ಎಂದು ನ್ಯಾಯಾಲಯ ಹೇಳಿತು.

ಈ ವಿಷಯ ನಮಗೆ ದೂರದ್ದಲ್ಲ. ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರ ಪತ್ನಿಯರು ಅನೇಕರು ಅವಲಂಬಿತರ ವೀಸಾದಲ್ಲಿರುತ್ತಾರೆ. ಗಂಡ ಪೌರನೂ ಅಲ್ಲ, ಖಾಯಂ ನಿವಾಸಿಯೂ ಅಲ್ಲ; ಆದ್ದರಿಂದ 1994ರ ದಾರಿ ಅವರಿಗೆ ಸಿಗದು. ಇಂಥ ನೊಂದ ಪತ್ನಿಯರಿಗೆ ಕೆಲಸದ ಪರವಾನಗಿ ಕೊಡಲು 2005ರ ತಿದ್ದುಪಡಿ ಅವಕಾಶ ಮಾಡಿತು. ಅಪರಾಧಕ್ಕೆ ತುತ್ತಾಗಿ ತನಿಖೆಗೆ ನೆರವಾದವರಿಗೆಂದು 2000ದ ಕಾನೂನು ಯು ವೀಸಾ ಎಂಬುದನ್ನು ತಂದಿತು. ಇದಕ್ಕೆ ಗಣನೀಯ ದೈಹಿಕ ಅಥವಾ ಮಾನಸಿಕ ಹಾನಿ ತೋರಿಸಬೇಕು. ಪೊಲೀಸರ ಅಥವಾ ಅಂಥ ಅಧಿಕಾರಿಗಳ ದೃಢೀಕರಣವೂ ಬೇಕು. ಮುಖ್ಯ ಅರ್ಜಿದಾರರಿಗೆ ವರ್ಷಕ್ಕೆ 10,000 ಮಾತ್ರ. ಕಾಯುವವರ ಸಾಲು ಬಹಳ ಉದ್ದ.

ಇಲ್ಲಿ ಭಾಷೆಯ ಪ್ರಶ್ನೆಯೂ ಏಳುತ್ತದೆ. ನಮ್ಮ ಹೆಣ್ಣುಮಗಳು "ನನಗೆ ಖಿನ್ನತೆ" ಎನ್ನುವುದು ಅಪರೂಪ. "ಎದೆ ಭಾರ, ತಲೆ ಸಿಡಿಯುತ್ತೆ, ಊಟ ಸೇರಲ್ಲ" ಎನ್ನುತ್ತಾಳೆ. "ಅವರಿಗೆ ಸ್ವಲ್ಪ ಮುಂಗೋಪ, ಅಷ್ಟೇ" ಎಂದು ಮುಚ್ಚಿಡುತ್ತಾಳೆ. ಒಳ್ಳೆಯ ತಜ್ಞರು "ನಿಮ್ಮ ಮೇಲೆ ದೌರ್ಜನ್ಯವಾಗಿದೆಯೇ?" ಎಂದು ಕೇಳಿ ಸುಮ್ಮನಾಗುವುದಿಲ್ಲ. ಪಾಸ್‌ಪೋರ್ಟ್ ಯಾರ ಬಳಿ ಇದೆ, ತವರಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ, ಬಸ್ಸಿಗೆ ಹಣ ಯಾರನ್ನು ಕೇಳಬೇಕು ಎಂದು ವಿಚಾರಿಸುತ್ತಾರೆ. ದುಭಾಷಿ ಬೇಕಾದರೆ ಗಂಡನನ್ನಾಗಲಿ ನೆಂಟರನ್ನಾಗಲಿ ಕೂರಿಸದೆ ಹೊರಗಿನವರನ್ನು ಕರೆಯುತ್ತಾರೆ. ವರದಿ ಸರ್ಕಾರದ ಕೈ ಸೇರುತ್ತದೆ ಎಂಬುದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುತ್ತಾರೆ.

ಭಾರತದಲ್ಲೂ 2005ರ ಕೌಟುಂಬಿಕ ಹಿಂಸೆ ಕಾಯಿದೆ ಮಾತಿನ, ಭಾವನೆಯ ಮತ್ತು ಹಣಕಾಸಿನ ಪೀಡನೆಯನ್ನು ಹಿಂಸೆಯೆಂದೇ ಗುರುತಿಸಿದೆ. ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416 ಇವುಗಳನ್ನು ಬರೆದಿಟ್ಟುಕೊಳ್ಳಿ.

ನಿಮ್ಮಲ್ಲಿ ಕೆಲವರು ಮುಂದೆ ಮನೋವಿಜ್ಞಾನ, ವೈದ್ಯಕೀಯ, ಕಾನೂನು ಓದುವಿರಿ. ಇನ್ನು ಕೆಲವರು ಅಧಿಕಾರಿಗಳಾಗುವಿರಿ. ಅಳತೆಗೋಲು ನಿಮ್ಮ ಕೈಗೆ ಬಂದಾಗ ಎರಡು ಮಾತು ಮರೆಯಬೇಡಿ. ಅಳತೆ ಪ್ರಾಮಾಣಿಕವಾಗಿರಲಿ. ಆದರೆ ಅಳೆಸಿಕೊಳ್ಳಲು ಬರಲಾಗದವರ ಮಾತೂ ನಿಮ್ಮ ಕಿವಿಗೆ ಬೀಳಲಿ.