ಅಳೆಯುವ ಯಂತ್ರವನ್ನು ಅಳೆಯುವವರು ಯಾರು?

(ಕುಣಿಗಲ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರೊಬ್ಬರು ಮಾಡಿದ ಭಾಷಣದ ಪಠ್ಯ)



ಈ ಸಭೆಗೆ ಬರುವಾಗ ಪಡಸಾಲೆಯಲ್ಲಿ ಗುಜರಿಗೆ ಹೋಗಲು ಕಾದು ಕುಳಿತ ಪೆಟ್ಟಿಗೆಗಳನ್ನು ಕಂಡೆ. ಹಳೆಯ ಮೀಟರುಗಳು, ಒಂದೆರಡು ಸಿ.ಆರ್.ಓ.ಗಳು, ಮೇಲೆ ದಪ್ಪನೆಯ ಧೂಳು. ನಾನು ಎಂಜಿನಿಯರ್ ಅಲ್ಲ, ಪತ್ರಿಕೋದ್ಯಮ ಓದಿದವನು. ಆದರೂ ನಿಮಗೂ ನನಗೂ ಒಂದು ಕಷ್ಟ ಸಮಾನವಾಗಿದೆ. ಸಿಕ್ಕ ಮಾಹಿತಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಯಾವುದನ್ನೂ ನಂಬದೆ ಕೆಲಸ ಸಾಗುವುದೂ ಇಲ್ಲ. ಎಂಜಿನಿಯರುಗಳ ನಡುವೆ ಓಡಾಡುವ ಒಂದು ತಮಾಷೆ ಇದನ್ನೇ ಹೇಳುತ್ತದೆ: ಒಂದು ಗಡಿಯಾರ ಇರುವವನಿಗೆ ಗಂಟೆ ಎಷ್ಟೆಂದು ಗೊತ್ತು, ಎರಡು ಇರುವವನಿಗೆ ಸದಾ ಅನುಮಾನ.

ಗಡಿಯಾರದ ಮಾತು ನಮ್ಮ ಜಿಲ್ಲೆಗೆ ದೂರದ್ದಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ, 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಎಚ್‌ಎಂಟಿ ಜನತಾ ಗಡಿಯಾರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಟಿಕ್ ಎನ್ನುತ್ತದೆ. ಇಂಥ ಗಡಿಯಾರ ಸರಿಯಿದೆಯೇ ಎಂದು ನೋಡಲು ಟೈಮಿಂಗ್ ಮೆಷಿನ್ ಎಂಬ ಉಪಕರಣವಿತ್ತು. ಗಡಿಯಾರವನ್ನು ಅದರ ಮೈಕಿನ ಮೇಲಿಟ್ಟರೆ ಪ್ರತಿ ಟಿಕ್‌ಗೂ ಕಾಗದದ ಪಟ್ಟಿಯ ಮೇಲೆ ಒಂದು ಚುಕ್ಕೆ ಬೀಳುತ್ತಿತ್ತು. ಚುಕ್ಕೆಗಳ ಸಾಲು ನೆಟ್ಟಗಿದ್ದರೆ ಗಡಿಯಾರ ಸರಿ. ಒಂದು ಕಡೆ ವಾಲಿದರೆ ಮುಂದೆ ಓಡುತ್ತಿದೆ, ಇನ್ನೊಂದು ಕಡೆ ವಾಲಿದರೆ ಹಿಂದೆ ಬೀಳುತ್ತಿದೆ ಎಂದರ್ಥ.

ಆದರೆ ಆ ಯಂತ್ರ ಸರಿಯಿದೆ ಎಂದು ಹೇಳುವವರು ಯಾರು? ಅಂಥ ಯಂತ್ರಗಳ ಒಳಗೆ ಒಂದು ಕ್ವಾರ್ಟ್ಜ್ ಹರಳು ಮಿಡಿಯುತ್ತಿತ್ತು. ಅದರ ಮಿಡಿತವೇ ಅಳತೆಗೋಲು. ಮುಂದೆ ಅದೇ ಹರಳು ಚಿಕ್ಕದಾಗಿ, ಸೆಕೆಂಡಿಗೆ 32,768 ಸಲ ಕಂಪಿಸುತ್ತ, ನಮ್ಮ ಮಣಿಕಟ್ಟಿನ ಗಡಿಯಾರದೊಳಗೇ ಬಂದು ಕುಳಿತಿತು. ಪರೀಕ್ಷಕನೇ ಪರೀಕ್ಷೆಗೆ ಕುಳಿತಂತಾಯಿತು. ಟೈಮಿಂಗ್ ಮೆಷಿನ್ ಮೂಲೆ ಸೇರಿತು. ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ತುಮಕೂರು ಕಾರ್ಖಾನೆಯ ಬಹುಪಾಲು ಜಾಗ ಈಗ ಇಸ್ರೊ ಕೈಯಲ್ಲಿದೆ.

ಗಡಿಯಾರಕ್ಕೆ ಟೈಮಿಂಗ್ ಮೆಷಿನ್ ಇದ್ದಂತೆ ವಿದ್ಯುತ್ತಿಗೆ ಆವೊಮೀಟರ್ ಇತ್ತು. ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಈ ಮೀಟರ್ 1923ರಲ್ಲಿ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂತು. ವಿನ್ಯಾಸ ಮಾಡಿದ ಡೊನಾಲ್ಡ್ ಮೆಕಾಡಿ ಅಂಚೆ ಇಲಾಖೆಯ ಎಂಜಿನಿಯರ್. ತಯಾರಿಕೆ ನಿಂತದ್ದು 2008ರಲ್ಲಿ. ಅದರ ಮುಳ್ಳಿನ ಕೆಳಗೆ ಒಂದು ಕನ್ನಡಿಯ ಪಟ್ಟಿ ಇರುತ್ತಿತ್ತು. ಮುಳ್ಳು ತನ್ನ ಪ್ರತಿಬಿಂಬವನ್ನು ಮುಚ್ಚಿಕೊಂಡಾಗ ಮಾತ್ರ ನೀವು ನೇರವಾಗಿ ನೋಡುತ್ತಿದ್ದೀರಿ ಎಂದರ್ಥ. ಓರೆಯಾಗಿ ನೋಡಿದರೆ ಅಳತೆ ತಪ್ಪು. ಮೀಟರ್ ಮೊದಲು ನಮ್ಮನ್ನೇ ತಿದ್ದುತ್ತಿತ್ತು.

ಇನ್ನೊಂದು ಪಾಠವೂ ಇತ್ತು. ಆವೊ 8ನೇ ಮಾದರಿಯ ಡಿ.ಸಿ. ಅಳತೆಯಲ್ಲಿ ಪ್ರತಿ ವೋಲ್ಟಿಗೆ 20,000 ಓಮ್. 10 ವೋಲ್ಟಿನ ಮಟ್ಟದಲ್ಲಿಟ್ಟರೆ ಮೀಟರೇ ಎರಡು ಲಕ್ಷ ಓಮ್‌ನ ರೆಸಿಸ್ಟರ್. ಸೂಕ್ಷ್ಮ ಸರ್ಕ್ಯೂಟಿಗೆ ಅದನ್ನು ಜೋಡಿಸಿದರೆ, ಅಳೆಯಬೇಕಾದ ವೋಲ್ಟೇಜೇ ಇಳಿದುಬಿಡುತ್ತದೆ. ಕಣದಲ್ಲಿ ರಾಗಿ ಅಳೆಯಲು ಬಂದವನು ಮೊದಲು ತನಗೊಂದು ಬೊಗಸೆ ತೆಗೆದುಕೊಂಡ ಹಾಗೆ.

ಇಂಥ ಅನುಭವದಿಂದಲೇ ಎಂಜಿನಿಯರುಗಳ ಹಾಸ್ಯ ಹುಟ್ಟಿತು ಎಂದು ನನಗೆ ತೋರುತ್ತದೆ. ಚಿಪ್ಪು ಕೆಲಸ ಮಾಡುವುದು ಒಳಗೆ ತುಂಬಿರುವ ಹೊಗೆಯಿಂದ, ಹೊಗೆ ಹೊರಗೆ ಬಂದರೆ ಕೆಲಸ ನಿಲ್ಲುತ್ತದೆ ಎಂಬುದು ಅವರ ಪ್ರಸಿದ್ಧ 'ಸಿದ್ಧಾಂತ'. ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಯ ಎಂಜಿನಿಯರುಗಳು 1972ರ ಸುಮಾರಿಗೆ ಬರೆಯಲು ಮಾತ್ರ ಬರುವ, ಓದಲು ಬಾರದ ಮೆಮೊರಿ ಚಿಪ್ಪಿಗೆ ಗಂಭೀರ ಮುಖ ಹೊತ್ತ ವಿವರಪಟ್ಟಿಯನ್ನೇ ಸಿದ್ಧಪಡಿಸಿದರು. ಸಾಕೆಟ್ಟಿಗೆ ಸಿಕ್ಕಿಸಿದಷ್ಟೂ ಉಳಿಯುವ ಕಾಲುಗಳು ಎಷ್ಟು ಎಂಬ ನಕ್ಷೆ ಅದರಲ್ಲಿತ್ತು. ಟೆಕ್ಟ್ರಾನಿಕ್ಸ್ ಕಂಪನಿಯ ಹಳೆಯ ಕೈಪಿಡಿಗಳಲ್ಲಿ ಸರ್ಕ್ಯೂಟ್ ನಕ್ಷೆಗಳ ಮೂಲೆಯಿಂದ ಪುಟ್ಟ ವ್ಯಂಗ್ಯಚಿತ್ರಗಳು ಇಣುಕುತ್ತವೆ. ಹ್ಯೂಲೆಟ್ ಮತ್ತು ಪ್ಯಾಕರ್ಡ್ ತಮ್ಮ ಮೊಟ್ಟಮೊದಲ ಉಪಕರಣಕ್ಕೆ '200ಎ' ಎಂದು ಹೆಸರಿಟ್ಟರು. ಕಂಪನಿ ನಿನ್ನೆ ಮೊನ್ನೆಯದು ಎಂದು ಗಿರಾಕಿಗೆ ಅನ್ನಿಸಬಾರದಲ್ಲ! ಅದರ ಅಲೆಯ ಎತ್ತರ ಹದ್ದು ಮೀರದಂತೆ ಕಾಯುತ್ತಿದ್ದುದು ಒಂದು ಸಾಮಾನ್ಯ ಪುಟ್ಟ ಬಲ್ಬು. ಅಲೆ ಹೆಚ್ಚಿದರೆ ಬಲ್ಬು ಬಿಸಿಯಾಗುತ್ತದೆ, ಅದರ ಪ್ರತಿರೋಧ ಏರುತ್ತದೆ, ಅಲೆ ತಾನೇ ತಗ್ಗುತ್ತದೆ.

ಮುಚ್ಚಳ ತೆಗೆದರೆ ಆ ಬಲ್ಬು ಕಣ್ಣಿಗೆ ಕಾಣುತ್ತಿತ್ತು. ಹಳೆಯ ಉಪಕರಣಗಳನ್ನು ಇಂದಿಗೂ ಹುಡುಕಿ ಕೊಳ್ಳುವವರು ಮೆಚ್ಚುವುದು ಇದನ್ನೇ ಇರಬೇಕು. ಹೊಸ ಡಿಜಿಟಲ್ ಮೀಟರ್ ಹೆಚ್ಚು ನಿಖರ, ಹಗುರ, ಬಹುಮಟ್ಟಿಗೆ ಸುರಕ್ಷಿತ. ಅದರಲ್ಲಿ ಅನುಮಾನವಿಲ್ಲ. ಆದರೆ ಅಂಕಿ ಸ್ಪಷ್ಟವಾಗಿ ಮೂಡಿದಾಗ ಪ್ರಶ್ನೆ ಕೇಳಬೇಕೆಂದು ಅನ್ನಿಸುವುದಿಲ್ಲ. ಮುಳ್ಳು ನಡುಗುವಾಗ ಕೇಳಲೇಬೇಕಾಗುತ್ತಿತ್ತು.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಪಡಸಾಲೆಯ ಆ ರಾಶಿಯನ್ನೆಲ್ಲ ಉಳಿಸಿಕೊಳ್ಳಿ ಎಂದು ಹೇಳಲಾರೆ. ಜಾಗವೂ ಬೇಕು, ದುಡ್ಡೂ ಬೇಕು. ಗುಜರಿಯವನು ಬರುವ ಮೊದಲು ಒಂದು ಮುಳ್ಳಿನ ಮೀಟರ್, ಒಂದು ಸಿ.ಆರ್.ಓ. ಮಾತ್ರ ತೆಗೆದಿಡಿ. ಮೀಟರನ್ನು ಮೇಷ್ಟ್ರ ಎದುರಿನಲ್ಲಿ ಬಿಚ್ಚಿ ನೋಡಿ. ಸಿ.ಆರ್.ಓ. ಒಳಗೆ ಮಾತ್ರ ನೀವಾಗಿ ಕೈ ಹಾಕಬೇಡಿ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ಅಂಥ ಕಡೆ ಕೆಲಸ ಮಾಡುವಾಗ ಒಂದು ಕೈ ಜೇಬಿನಲ್ಲಿರಲಿ ಎಂದು ಹಿಂದಿನವರು ಹೇಳುತ್ತಿದ್ದುದು ತಮಾಷೆಗಲ್ಲ.

ಸಿ.ಆರ್.ಓ. ಮುಖದ ಮೇಲೆ 'ಕ್ಯಾಲ್' ಎಂಬ ಪುಟ್ಟ ಕೊಂಡಿ ಇದ್ದರೆ ಮೊದಲು ಪ್ರೋಬನ್ನು ಅಲ್ಲಿಗೆ ಸಿಕ್ಕಿಸಿ. ತನಗೆ ಗೊತ್ತಿರುವ ಒಂದು ಚೌಕದ ಅಲೆಯನ್ನು ಅದು ತೋರಿಸುತ್ತದೆ. ಅಲೆಯ ಮೂಲೆಗಳು ಸರಿಯಾಗಿ ಮೂಡಿವೆಯೇ ನೋಡಿಕೊಂಡು, ಆಮೇಲೆ ನಿಮ್ಮ ಸರ್ಕ್ಯೂಟಿಗೆ ಹೋಗಿ. ವರದಿಗಾರನೂ ಊರಿನ ಸುದ್ದಿಗೆ ಹೊರಡುವ ಮುಂಚೆ ತನ್ನ ಕಿವಿ ನೆಟ್ಟಗಿದೆಯೇ ಎಂದು ಹೀಗೆಯೇ ನೋಡಿಕೊಳ್ಳಬೇಕು.