ಊಟ, ಓಟ, ಕನಸು



ಆರೋಗ್ಯದ ವಿಷಯವಾಗಿ ಜನಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ಉಪನ್ಯಾಸದ ಹಿಂದಿರುವ ದತ್ತಿಯ ಷರತ್ತು. ಹಿಂದೆ ಮಾತಾಡಿದವರು ಹೃದಯ, ಮೂತ್ರಪಿಂಡ, ಕ್ಷಯ ಎಂದು ಘನವಾದ ವಿಷಯಗಳನ್ನೇ ಆರಿಸಿಕೊಂಡಿದ್ದಾರೆ. ನಾನು ಕನಸು ಎಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆದರೆ ಸಕ್ಕರೆ, ಕೊಲೆಸ್ಟ್ರಾಲ್ ರಿಪೋರ್ಟು ನೋಡಿ ಹೆದರಿ, ರಾತ್ರಿ ಅನ್ನ ಬಿಟ್ಟು, ಬೆಳಗ್ಗೆ ವಾಕಿಂಗ್ ಹಿಡಿದವರು ನನ್ನೆದುರು ಕೂತು ಎಲ್ಲ ಹೇಳಿ ಮುಗಿಸಿ, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೇ ಇದು: "ಡಾಕ್ಟ್ರೇ, ಇದೆಲ್ಲ ಶುರು ಮಾಡಿದ ಮೇಲೆ ಏನೇನೋ ಕನಸು ಬೀಳ್ತಾ ಇವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?"

ಇದೆ. ಆದರೆ ಆ ಸಂಬಂಧ ಹೊಟ್ಟೆಯಿಂದ ನೆಟ್ಟಗೆ ತಲೆಗೇರುವುದಿಲ್ಲ, ನಿದ್ದೆಯ ಮೂಲಕ ಬಳಸಿಕೊಂಡು ಹೋಗುತ್ತದೆ. ಆ ಬಳಸುದಾರಿಯ ವಿಚಾರವನ್ನೇ ಇವತ್ತು ಹೇಳುತ್ತೇನೆ.

ಪ್ರಶ್ನೆ ಹೊಸದಲ್ಲ. ಹಿಪೊಕ್ರಟೀಸನ ಹೆಸರಿನಲ್ಲಿ ಉಳಿದು ಬಂದಿರುವ ಗ್ರೀಕ್ ವೈದ್ಯ ಬರಹಗಳಲ್ಲಿ ಪಥ್ಯ ಮತ್ತು ವ್ಯಾಯಾಮವನ್ನು ಕುರಿತೇ ನಾಲ್ಕು ಭಾಗಗಳ ಒಂದು ಗ್ರಂಥವಿದೆ, ಕ್ರಿ.ಪೂ. 400ರ ಆಸುಪಾಸಿನದು. ಅದರ ಕೊನೆಯ ಭಾಗ ಪೂರ್ತಿ ಕನಸಿಗೆ ಮೀಸಲು. ಕನಸಿನಲ್ಲಿ ನಕ್ಷತ್ರಗಳಿಗೆ ಧಕ್ಕೆಯಾದರೆ ಇಂಥ ಓಟ, ಚಂದ್ರನಿಗೆ ತೊಂದರೆಯಾದರೆ ಇಂಥ ಶೋಧನೆ, ಊಟ ಇಷ್ಟು ಕಡಿಮೆ, ಆಮೇಲೆ ದಿನದಿಂದ ದಿನಕ್ಕೆ ಇಷ್ಟು ಹೆಚ್ಚು ಎಂದು ಆ ವೈದ್ಯ ಚೀಟಿ ಬರೆದುಕೊಟ್ಟಂತೆ ಬರೆಯುತ್ತಾನೆ. ಹೆದರಿಕೆ ಹುಟ್ಟಿಸುವ ವಿಕಾರ ಆಕೃತಿಗಳು ಕಾಣಿಸಿಕೊಂಡರೆ ಅದು ಅಭ್ಯಾಸವಿಲ್ಲದ ಆಹಾರವನ್ನು ಮಿತಿಮೀರಿ ತಿಂದದ್ದರ ಗುರುತು ಎಂಬ ಮಾತೂ ಅಲ್ಲಿದೆ. ಅವನು ಆಹಾರ ಕೆಟ್ಟದ್ದೆನ್ನಲಿಲ್ಲ, ಅಭ್ಯಾಸವಿಲ್ಲದ್ದು ಎಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಚರಕಸಂಹಿತೆಯ ಇಂದ್ರಿಯಸ್ಥಾನ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಇವು ಐದು. ಮುಂದಾಗುವುದನ್ನು ಸೂಚಿಸುವುದು ಆರನೆಯದು. ದೋಷಗಳಿಂದ ಹುಟ್ಟುವುದು ಏಳನೆಯದು. ಮೊದಲ ಐದಕ್ಕೆ ಫಲವಿಲ್ಲ ಎಂದು ಚರಕ ಬದಿಗಿಡುತ್ತಾನೆ. ಕನಸು ಬಿತ್ತೆಂದು ಓಡಿ ಬರುವವರ ಕಾಟ ಆ ಕಾಲದ ವೈದ್ಯನಿಗೂ ಇದ್ದಿರಬೇಕು! ವಾಗ್ಭಟನ ಅಷ್ಟಾಂಗಹೃದಯದಲ್ಲಿ ವಾತ ಪ್ರಕೃತಿಯವರು ಆಕಾಶದಲ್ಲಿ ಹಾರುತ್ತಾರೆ, ಪಿತ್ತದವರಿಗೆ ಬೆಂಕಿ, ಮಿಂಚು ಕಾಣುತ್ತವೆ, ಕಫದವರಿಗೆ ತಾವರೆಗೊಳ, ಮೋಡ. ಇದನ್ನು ಇವತ್ತಿನ ಪ್ರಯೋಗಾಲಯದ ಮಾತಿನೊಂದಿಗೆ ಒತ್ತಾಯದಿಂದ ಹೊಂದಿಸುವ ಚಪಲ ನನಗಿಲ್ಲ. ಮೈಯ ಸ್ಥಿತಿ ಕನಸಿಗೆ ಬಣ್ಣ ಕೊಡುತ್ತದೆ ಎಂಬ ನಂಬಿಕೆ ಎರಡೂ ಕಡೆ ಹಳೆಯದು ಎಂದಷ್ಟೇ ಹೇಳುತ್ತೇನೆ.

ಪ್ರಯೋಗಾಲಯದ ಕತೆ 1953ರಿಂದ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್ಸ್ಕಿ ಮತ್ತು ಅವನ ಗುರು ನಥಾನಿಯಲ್ ಕ್ಲೈಟ್‌ಮನ್, ಮಲಗಿದವರ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಆಗಾಗ ಸರಸರನೆ ಓಡಾಡುವುದನ್ನು ದಾಖಲಿಸಿದರು. ಆ ಹೊತ್ತಿನಲ್ಲಿ 27 ಸಲ ಎಬ್ಬಿಸಿ ಕೇಳಿದಾಗ 20 ಸಲ ವಿವರವಾದ ಕನಸು ಸಿಕ್ಕಿತು. ಕಣ್ಣು ಸುಮ್ಮನಿದ್ದಾಗ 23 ಸಲ ಎಬ್ಬಿಸಿದರೆ 19 ಸಲ ಏನೂ ನೆನಪಿಲ್ಲ ಎಂಬ ಉತ್ತರ ಬಂತು. ಕಣ್ಣು ಓಡಾಡುವ ಆ ನಿದ್ದೆಯೇ ರೆಮ್ ನಿದ್ರೆ. ಮಲಗಿ ಸುಮಾರು 90 ನಿಮಿಷಕ್ಕೆ ಅದರ ಮೊದಲ ಕಂತು ಬರುತ್ತದೆ, ಅದು ಚಿಕ್ಕದು. ರಾತ್ರಿ ಕಳೆದಂತೆ ಕಂತುಗಳು ಉದ್ದವಾಗುತ್ತ ಹೋಗಿ, ಬೆಳಗಿನ ಜಾವದಲ್ಲಿ ಒಂದೊಂದೂ ಅರ್ಧ ಗಂಟೆಯಷ್ಟಾಗಬಹುದು. ಕನಸಿನ ದೊಡ್ಡ ಪಾಲು ಬೆಳಗಿನ ಜಾವದ್ದು.

ಈಗ ನಮ್ಮ ವಾಕಿಂಗ್ ಮಿತ್ರರ ಕಡೆಗೆ ಬನ್ನಿ. ಇವರು ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಗ್ಗೆ ಆರೂವರೆಗೆ ಏಳುತ್ತಿದ್ದವರು. ಹೊಸ ಹುರುಪಿನಲ್ಲಿ ಐದಕ್ಕೆ ಅಲಾರಂ ಇಟ್ಟರು, ಮಲಗುವ ಹೊತ್ತು ಮಾತ್ರ ಹನ್ನೊಂದೇ ಉಳಿಯಿತು, ಏಕೆಂದರೆ ಧಾರಾವಾಹಿ, ಕ್ರಿಕೆಟ್ಟು, ಮೊಬೈಲು ಪಥ್ಯ ಹಿಡಿದಿಲ್ಲವಲ್ಲ. ಕತ್ತರಿಸಿಹೋದ ಒಂದೂವರೆ ಗಂಟೆ ಮುಖ್ಯವಾಗಿ ರೆಮ್ ನಿದ್ರೆಯದು. ಜೊತೆಗೆ ಅಲಾರಂ ಬಡಿದದ್ದು ಒಂದು ಉದ್ದದ ಕನಸಿನ ನಟ್ಟನಡುವೆ. ಮೊದಲೂ ಇವರಿಗೆ ಅಷ್ಟೇ ವಿಚಿತ್ರವಾದ ಕನಸುಗಳು ಬೀಳುತ್ತಿದ್ದವು. ಅವು ಮುಗಿದು ನಿದ್ದೆ ಮುಂದುವರಿದು, ಏಳುವ ಹೊತ್ತಿಗೆ ಅಳಿಸಿಹೋಗಿರುತ್ತಿದ್ದವು. ಕನಸಿನ ನೆನಪು ಕೆಲವೇ ನಿಮಿಷದ್ದು. ಈಗ ಅದು ಅಳಿಸುವ ಮೊದಲೇ ಎಚ್ಚರವಾಗುತ್ತದೆ, ಸತ್ತುಹೋದ ಅಜ್ಜ ಹೆಂಚಿನ ಮೇಲೆ ಕೂತು ಲೆಕ್ಕ ಕೇಳಿದ್ದು ಚಾಚೂ ತಪ್ಪದೆ ನೆನಪಿರುತ್ತದೆ.

ವಾರವೆಲ್ಲ ಹೀಗೆ ಕಡಿದುಕೊಂಡು ಭಾನುವಾರ ಬಿಡುವಾಗಿ ಮಲಗಿದರೆ ಇನ್ನೊಂದು ಆಟ ಶುರುವಾಗುತ್ತದೆ. ವಿಲಿಯಂ ಡಿಮೆಂಟ್ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೆಮ್ ಶುರುವಾದ ಕೂಡಲೇ ಕೆಲವು ರಾತ್ರಿ ಜನರನ್ನು ಎಬ್ಬಿಸಿಬಿಡುತ್ತಿದ್ದ. ಆಮೇಲೆ ಸುಮ್ಮನೆ ಮಲಗಲು ಬಿಟ್ಟಾಗ ಅವರ ರೆಮ್ ಪಾಲು ಮಾಮೂಲಿಗಿಂತ ಹೆಚ್ಚಾಯಿತು. ಮಿದುಳು ಬಾಕಿ ವಸೂಲಿ ಮಾಡುತ್ತದೆ, ಕನಸು ದಟ್ಟವಾಗುತ್ತದೆ. ಪಥ್ಯದ ಜೊತೆಗೆ ಕುಡಿತವನ್ನೂ ಬಿಟ್ಟವರಲ್ಲಿ ಇದು ಇನ್ನೂ ಜೋರು, ಏಕೆಂದರೆ ಮದ್ಯ ರೆಮ್ ನಿದ್ರೆಯನ್ನು ಅದುಮಿ ಇಟ್ಟಿರುತ್ತದೆ. ಬಿಟ್ಟ ಮೊದಲ ದಿನಗಳ ಭಯಂಕರ ಕನಸಿಗೆ ಹೆದರಿ ಮತ್ತೆ ಬಾಟಲಿಗೆ ಕೈ ಹಾಕಿದವರನ್ನು ನೋಡಿದ್ದೇನೆ. ಅವರಿಗೆ ಇದನ್ನು ಮೊದಲೇ ಹೇಳಿರಬೇಕು.

ತಿನ್ನುವುದರಲ್ಲೇ ಏನೂ ಇಲ್ಲವೆ? ಇಂಗ್ಲೆಂಡಿನವರಿಗೆ ಚೀಸ್ ತಿಂದರೆ ಕೆಟ್ಟ ಕನಸು ಬೀಳುತ್ತದೆಂಬ ನಂಬಿಕೆ ಬಹಳ ಕಾಲದ್ದು. ಅಮೆರಿಕದ ವಿನ್ಸರ್ ಮೆಕ್‌ಕೇ ಎಂಬ ವ್ಯಂಗ್ಯಚಿತ್ರಕಾರ 1904ರಿಂದ ಪತ್ರಿಕೆಯಲ್ಲಿ ಒಂದು ಚಿತ್ರಮಾಲೆಯನ್ನೇ ಬರೆದ: ಪ್ರತಿ ಸಲವೂ ಯಾರೋ ಚೀಸ್ ಸವರಿದ ರೊಟ್ಟಿ ತಿಂದು ಮಲಗುತ್ತಾರೆ, ಲೋಕ ತಲೆಕೆಳಗಾಗುತ್ತದೆ, ಕೊನೆಯ ಚೌಕದಲ್ಲಿ ಬೆವರಿ ಎದ್ದು ಆ ರೊಟ್ಟಿಯನ್ನು ಶಪಿಸುತ್ತಾರೆ. 2005ರಲ್ಲಿ ಬ್ರಿಟನ್ನಿನ ಚೀಸ್ ಮಂಡಳಿ 200 ಜನರಿಗೆ ಮಲಗುವ ಅರ್ಧ ಗಂಟೆ ಮೊದಲು 20 ಗ್ರಾಂ ಚೀಸ್ ತಿನ್ನಿಸಿ, ಕೆಟ್ಟ ಕನಸೇನೂ ಬೀಳುವುದಿಲ್ಲ, ಒಂದೊಂದು ಚೀಸಿಗೆ ಒಂದೊಂದು ಬಗೆಯ ಕನಸು ಬೀಳುತ್ತದೆ ಎಂದು ಸಾರಿತು. ಚೀಸ್ ತಿನ್ನದ ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಲಿಲ್ಲ. ಅದನ್ನು ಸಂಶೋಧನೆ ಎನ್ನುವುದಕ್ಕಿಂತ ಜಾಹೀರಾತು ಎನ್ನುವುದು ವಾಸಿ.

ಕೆನಡಾದ ಟೋರ್ ನೀಲ್ಸನ್ ಮತ್ತು ರಸಲ್ ಪವೆಲ್ ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡರು. 2015ರಲ್ಲಿ ಅವರು ಪ್ರಕಟಿಸಿದ ಸಮೀಕ್ಷೆಯ 396 ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 18 ಮಂದಿ ತಮ್ಮ ಕನಸಿಗೆ ಆಹಾರ ಕಾರಣ ಎಂದರು. ಹೆಚ್ಚಿನ ದೂರು ಹಾಲಿನ ಪದಾರ್ಥಗಳ ಮೇಲೆ. 2025ರಲ್ಲಿ ಬಂದ ಮುಂದಿನ ಅಧ್ಯಯನದಲ್ಲಿ 1082 ವಿದ್ಯಾರ್ಥಿಗಳಿದ್ದರು. ಆಹಾರ ನಿದ್ದೆಯನ್ನು ಬದಲಿಸುತ್ತದೆ ಎಂದವರು ಶೇ. 40, ಕನಸನ್ನು ಬದಲಿಸುತ್ತದೆ ಎಂದವರು ಬರೀ ಶೇ. 5.5. ಆದರೆ ಹಾಲಿನ ಸಕ್ಕರೆ ಜೀರ್ಣವಾಗದವರಲ್ಲಿ ದುಃಸ್ವಪ್ನದ ತೀವ್ರತೆ ಹೆಚ್ಚಿತ್ತು. ಇದು ಕಾರಣವನ್ನು ಸಾಬೀತು ಮಾಡುವ ಅಧ್ಯಯನವಲ್ಲ, ಎರಡು ಸಂಗತಿ ಜೊತೆಯಾಗಿ ಕಂಡವು ಎನ್ನುವುದಷ್ಟೇ. ಆದರೂ ಊಹೆಗೆ ಅರ್ಥವಿದೆ: ಹೊಟ್ಟೆ ಉಬ್ಬರಿಸಿ ನುಲಿದರೆ ನಿದ್ದೆ ಪೂರ್ತಿ ಹರಿಯದೆ ಮತ್ತೆ ಮತ್ತೆ ತೆಳುವಾಗುತ್ತದೆ, ಅಂಥ ನಿದ್ದೆಯ ಕನಸು ಕಹಿಯಾಗಿಯೂ ಇರುತ್ತದೆ, ನೆನಪಿನಲ್ಲೂ ಉಳಿಯುತ್ತದೆ. ನಮ್ಮ ಕಡೆಯ ವಯಸ್ಕರಲ್ಲಿ ಬಹಳ ಮಂದಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಮೊಸರು, ಮಜ್ಜಿಗೆ ಒಗ್ಗುತ್ತವೆ, ದೊಡ್ಡ ಲೋಟ ಹಾಲು ಒಗ್ಗುವುದಿಲ್ಲ. ಜಿಮ್ಮಿಗೆ ಸೇರಿದ ಹುಡುಗರು ರಾತ್ರಿ ಹಾಲಿಗೆ ಎರಡು ಸೌಟು ಪ್ರೋಟೀನ್ ಪುಡಿ ಕಲಸಿ ಕುಡಿದು ಕನಸಿನಲ್ಲಿ ಕಿರುಚಿದರೆ ನಾನು ಮೊದಲು ಹೊಟ್ಟೆಯ ಬಗ್ಗೆ ಕೇಳುತ್ತೇನೆ.

ಖಾರದ ಮಾತೂ ಹೀಗೇ. 1992ರಲ್ಲಿ ಟಾಸ್ಮೇನಿಯಾದಲ್ಲಿ ಆರು ಮಂದಿ ಯುವಕರಿಗೆ ರಾತ್ರಿಯೂಟದಲ್ಲಿ ಟಬಾಸ್ಕೊ ಮೆಣಸಿನ ರಸ, ಸಾಸಿವೆ ಸೇರಿಸಿ ಕೊಟ್ಟಾಗ ಅವರ ಎಚ್ಚರದ ಹೊತ್ತು ಹೆಚ್ಚಿತು, ನಿದ್ದೆಯ ಮೊದಲ ಸುತ್ತಿನಲ್ಲಿ ಮೈಯ ತಾಪವೂ ಏರಿತ್ತು. ಆರು ಜನರ ಮಾತನ್ನು ಅರವತ್ತು ಲಕ್ಷಕ್ಕೆ ಅನ್ವಯಿಸಬಾರದು. ಹುಟ್ಟಿದಂದಿನಿಂದ ಬ್ಯಾಡಗಿ ಮೆಣಸಿನಕಾಯಿಯ ಒಡನಾಟವಿರುವವರ ಮೇಲೆ ಆ ಪ್ರಯೋಗ ಯಾರೂ ಮಾಡಿರಲಿಲ್ಲ! ಇಲ್ಲಿಯೇ ಆ ಗ್ರೀಕ್ ವೈದ್ಯನ ಮಾತು ನನಗೆ ಇಷ್ಟವಾಗುವುದು: ಅಭ್ಯಾಸವಿಲ್ಲದ್ದು. ಪಥ್ಯವೆಂದರೆ ಅಭ್ಯಾಸ ತಪ್ಪಿಸುವುದೇ ತಾನೆ? ಅನ್ನ ತಿನ್ನುತ್ತಿದ್ದ ಹೊಟ್ಟೆಗೆ ದಿಢೀರನೆ ಹಸಿ ತರಕಾರಿ, ಮೊಳಕೆ ಕಾಳು ತುಂಬಿದರೆ ಅದು ಮೊದಲ ವಾರ ಸುಮ್ಮನಿರುವುದಿಲ್ಲ.

ವಿಟಮಿನ್ ಮಾತ್ರೆಯ ವಿಷಯ ಸ್ವಲ್ಪ ಬೇರೆ. ಅಡಿಲೇಡ್ ವಿಶ್ವವಿದ್ಯಾಲಯದ 2018ರ ಪ್ರಯೋಗವೊಂದರಲ್ಲಿ 100 ಜನ ಭಾಗವಹಿಸಿದ್ದರು. ಮಲಗುವ ಮುನ್ನ 240 ಮಿಲಿಗ್ರಾಂ ಬಿ-6 ನುಂಗಿದವರಿಗೆ ಕನಸು ಹೆಚ್ಚು ನೆನಪಿತ್ತು, ಕನಸಿನ ವೈಚಿತ್ರ್ಯವೇನೂ ಹೆಚ್ಚಲಿಲ್ಲ. ದಿನಕ್ಕೆ ನಮಗೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ. ಕನಸಿನ ಆಸೆಗೆ ಆ ಪ್ರಮಾಣ ಬಹಳ ದಿನ ನುಂಗಿದರೆ ಕೈಕಾಲಿನ ನರಗಳಿಗೆ ಪೆಟ್ಟು.

ವ್ಯಾಯಾಮಕ್ಕೆ ಬರುತ್ತೇನೆ. ಮೈ ದಣಿದರೆ ಗಾಢ ನಿದ್ರೆ ತುಸು ಹೆಚ್ಚುತ್ತದೆ, ರೆಮ್ ತುಸು ತಡವಾಗಿ ಬಂದು ತುಸು ಕಡಿಮೆಯಾಗುತ್ತದೆ. ಈ ಲೆಕ್ಕದಲ್ಲಿ ವ್ಯಾಯಾಮ ಕನಸನ್ನು ತಗ್ಗಿಸಬೇಕು. ಆದರೆ ಅಭ್ಯಾಸವಿಲ್ಲದವರು ಮೊದಲ ದಿನವೇ ಟ್ರೆಡ್‌ಮಿಲ್ ಮೇಲೆ ಪೌರುಷ ತೋರಿಸಿದರೆ ಮೀನಖಂಡ ಹಿಡಿದುಕೊಂಡು ರಾತ್ರಿ ನಾಲ್ಕು ಸಲ ಎಚ್ಚರವಾಗುತ್ತದೆ. ಮೈಯ ನೋವು ಕನಸಿಗೆ ಸಾಮಗ್ರಿಯೂ ಆಗುತ್ತದೆ. ರೆಮ್ ನಿದ್ರೆಯಲ್ಲಿದ್ದವರ ಕಾಲಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿ ಬಿಗಿದಾಗ ಕಾಲಿನ ಸಂವೇದನೆ, ಚಲನೆ ಕನಸಿನೊಳಗೆ ನುಸುಳಿದ್ದನ್ನು ಇದೇ ನೀಲ್ಸನ್ ದಾಖಲಿಸಿದ್ದಾರೆ. ವ್ಯಾಯಾಮ ಬಿಡಿಸಿ ನೋಡುವ ಪ್ರಯೋಗವನ್ನು ಫ್ರೆಡರಿಕ್ ಬೇಕ್‌ಲ್ಯಾಂಡ್ ಎಂಬ ಸಂಶೋಧಕ ಮಾಡಿ 1970ರಲ್ಲಿ ಪ್ರಕಟಿಸಿದ. ದಿನವೂ ವ್ಯಾಯಾಮ ಮಾಡುವವರು ಎಷ್ಟು ದುಡ್ಡು ಕೊಡುತ್ತೇವೆಂದರೂ ಒಂದು ತಿಂಗಳು ನಿಲ್ಲಿಸಲು ಒಪ್ಪಲಿಲ್ಲ! ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನದವರನ್ನು ಹಿಡಿದು ನಿಲ್ಲಿಸಿದಾಗ ಅವರು ನಿದ್ದೆ ಕೆಟ್ಟಿತೆಂದು ದೂರಿದರು. ಶುರು ಮಾಡಿದರೂ ಕಷ್ಟ, ನಿಲ್ಲಿಸಿದರೂ ಕಷ್ಟ.

ಇನ್ನು ಮನಸ್ಸು. ಹಗಲೆಲ್ಲ ತಲೆಯಲ್ಲಿ ತಿರುಗಿದ್ದು ರಾತ್ರಿಗೂ ಹಿಂಬಾಲಿಸುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟ. ಆಲೂಗಡ್ಡೆ, ಗಡ್ಡೆಕೋಸು, ರೊಟ್ಟಿ. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ಪಥ್ಯ ಮತ್ತು ವ್ಯಾಯಾಮ ಎರಡೂ, ಅತಿರೇಕಕ್ಕೆ. ಅವರು ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕಗಳನ್ನು ಕಾದಂಬರಿಯ ಹಾಗೆ ಓದಿದರು. ಒಬ್ಬ ಯುವಕ ನರಮಾಂಸ ತಿನ್ನುವ ಕನಸು ಕಂಡು ಕಂಗಾಲಾಗಿ ಪ್ರಯೋಗದಿಂದ ಹೊರಬಿದ್ದ. ನಮ್ಮ ಪಥ್ಯದವರು ಕನಸಿನಲ್ಲಿ ಹೋಳಿಗೆ ತಿಂದು, ಎದ್ದ ಮೇಲೂ ಪಾಪಪ್ರಜ್ಞೆಯಿಂದ ಒದ್ದಾಡುವುದು ಇದರ ಬಹಳ ಸೌಮ್ಯ ರೂಪ. ಅದಕ್ಕೆ ಔಷಧ ಬೇಕಿಲ್ಲ, ಒಂದು ಹೋಳಿಗೆ ಸಾಕು.

ಇಷ್ಟರವರೆಗೆ ಹೇಳಿದ್ದು ಹೆದರಬೇಕಾಗಿಲ್ಲದ ಕನಸುಗಳ ವಿಚಾರ. ಹೆದರಬೇಕಾದ್ದೂ ಇದೆ. ಪ್ರೊಪ್ರಾನೊಲಾಲ್‌ನಂಥ ಕೆಲವು ಬಿ.ಪಿ. ಮಾತ್ರೆಗಳು, ಬೀಡಿ ಸಿಗರೇಟು ಬಿಡಲು ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ ತಾವೇ ಕನಸು ಕೆದಕುತ್ತವೆ. ಬದಲಿಸಬಹುದು, ವೈದ್ಯರನ್ನು ಕೇಳಿ. ಐವತ್ತು ದಾಟಿದ ಗಂಡಸು ಕನಸಿನಲ್ಲಿ ಹೊಡೆದಾಡುತ್ತ ನಿಜವಾಗಿಯೂ ಪಕ್ಕದವರಿಗೆ ಗುದ್ದುತ್ತಿದ್ದರೆ ಊಟದ ಮೇಲೆ ದೂರು ಹೊರಿಸದೆ ನರರೋಗ ತಜ್ಞರ ಹತ್ತಿರ ಹೋಗಬೇಕು.

ಕೊನೆಯದು ನಾನು ಹೆಚ್ಚು ಕಾಣುವಂಥದ್ದು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ಒಬ್ಬ ಹೈಸ್ಕೂಲು ಮೇಷ್ಟರು, ಸಕ್ಕರೆ ಕಾಯಿಲೆ, ದಿನಕ್ಕೆರಡು ಹೊತ್ತು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ. ರಾತ್ರಿ ಮುದ್ದೆ ಬಿಟ್ಟು ಒಂದು ಬಟ್ಟಲು ಸೂಪಿಗೆ ಇಳಿದಿದ್ದರು, ಸಂಜೆ ಶಟಲ್ ಆಡಲು ಶುರು ಮಾಡಿದ್ದರು. ಮೇಷ್ಟರು ಸುಮ್ಮನೆ ಕೂತಿದ್ದರು, ಮಾತಾಡಿದ್ದು ಅವರ ಮನೆಯವರು: "ರಾತ್ರಿ ಮೂರರ ಹೊತ್ತಿಗೆ ಕಿರುಚ್ತಾರೆ ಡಾಕ್ಟ್ರೇ. ಬನಿಯನ್ ಹಿಂಡಿದ್ರೆ ನೀರು ಬರತ್ತೆ. ಎಬ್ಬಿಸಿದ್ರೆ ನನ್ನನ್ನೇ ಯಾರೋ ಅನ್ನೋ ಹಾಗೆ ನೋಡ್ತಾರೆ. ನಮ್ಮ ಅತ್ತೆ ದೃಷ್ಟಿ ತೆಗೆದೂ ಆಯ್ತು." ಬೆಳಗ್ಗೆ ಎದ್ದರೆ ತಲೆನೋವು ಎಂದು ಮೇಷ್ಟರು ಸೇರಿಸಿದರು.

ಆಟವಾಡಿ ಬರಿದಾದ ಸ್ನಾಯುಗಳು ಗಂಟೆಗಟ್ಟಲೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತಲೇ ಇರುತ್ತವೆ. ಹೊಟ್ಟೆಗೆ ಬಿದ್ದದ್ದು ಸೂಪು. ಮಾತ್ರೆ ಮಾತ್ರ ಹಳೆಯ ಮುದ್ದೆಯ ಲೆಕ್ಕದ್ದು. ಆ ರಾತ್ರಿ ಮೂರಕ್ಕೆ ಗ್ಲುಕೋಮೀಟರ್ ಚುಚ್ಚಿ ನೋಡಿ ಎಂದೆ. 52 ಬಂತು; 70ರ ಕೆಳಗೆ ಇಳಿಯಬಾರದು. ದುಃಸ್ವಪ್ನ, ಬೆವರು, ಬೆಳಗಿನ ತಲೆನೋವು ಮೂರೂ ಒಂದೇ ಕಡೆಯಿಂದ ಬಂದಿದ್ದವು. ರಾತ್ರಿಯ ಮಾತ್ರೆ ತೆಗೆದೆ, ಅರ್ಧ ಮುದ್ದೆ ಮತ್ತೆ ತಟ್ಟೆಗೆ ಬಂತು.

"ಹಾಗಾದ್ರೆ ಶಟಲ್ ಬಿಡಬೇಕಾ?" ಎಂದು ಮೇಷ್ಟರು ಕೇಳಿದರು.

"ಯಾಕೆ ಬಿಡ್ತೀರಿ ಮೇಷ್ಟ್ರೇ? ಆಡಿದ ದಿನ ಮಲಗೋ ಮುಂಚೆ ಒಂದು ಸಲ ಸಕ್ಕರೆ ನೋಡ್ಕೊಳ್ಳಿ. ಕಡಿಮೆ ಇದ್ರೆ ಏನಾದರೂ ತಿಂದು ಮಲಗಿ. ಇನ್ನು ಮೇಲೆ ಊಟ ಬದಲಾಯಿಸೋ ಮುಂಚೆ ನನಗೊಂದು ಮಾತು ಹೇಳಿ, ಮಾತ್ರೆ ನಾನು ಬದಲಾಯಿಸ್ತೀನಿ."