ಪಬ್ಬಿನ ಬೆಲೆ, ಅಂಗಡಿಯ ಬೆಲೆ

ಹೋಟೆಲಿನಲ್ಲಿ ಒಂದು ಲೋಟ ಕಾಫಿಗೆ ಹಣ ಕೊಡುವಾಗ, ಮನೆಯಲ್ಲಾದರೆ ಇದು ಎಷ್ಟು ಅಗ್ಗವಾಗುತ್ತಿತ್ತು ಎಂದು ಯಾರಿಗಾದರೂ ಅನ್ನಿಸುವುದುಂಟು. ಆದರೆ ನಾವು ಕೊಟ್ಟ ಹಣ ಕಾಫಿಗೆ ಮಾತ್ರವೇ ಅಲ್ಲ; ಕಟ್ಟಡದ ಬಾಡಿಗೆ, ಮಾಣಿಯ ಸಂಬಳ, ದೀಪದ ಖರ್ಚು ಎಲ್ಲಕ್ಕೂ ಅದರಲ್ಲಿ ಪಾಲುಂಟು. ಬ್ರಿಟನ್ನಿನಲ್ಲಿ ಪಬ್ಬುಗಳಿಗೂ ಅಂಗಡಿಗಳಿಗೂ ಬಹುಕಾಲದಿಂದ ನಡೆದಿರುವ ಬೆಲೆಯ ವ್ಯಾಜ್ಯದ ಬೇರು ಇದೇ.

ಪಬ್ಬು ಎಂದರೆ ಅಲ್ಲಿನವರಿಗೆ ಬರಿಯ ಮದ್ಯದಂಗಡಿಯಲ್ಲ. ಸಂಜೆ ನಾಲ್ಕು ಜನ ಸೇರಿ ಹರಟುವ ಜಗಲಿಕಟ್ಟೆ. ಈ ಜಗಲಿಗಳು ಹಲವು ದಶಕಗಳಿಂದ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಇಂದು ಅಲ್ಲಿ ಮದ್ಯದ ಹೆಚ್ಚಿನ ಪಾಲು ಮಾರಾಟವಾಗುವುದು ಅಂಗಡಿಗಳಲ್ಲಿಯೇ. "ಅಂಗಡಿಯವನು ಅಗ್ಗಕ್ಕೆ ಮಾರುತ್ತಾನೆ, ನಮಗೆ ತೆರಿಗೆಯ ಭಾರ" ಎಂಬುದು ಪಬ್ಬಿನವರ ದೂರು. ಅದರಲ್ಲಿ ನಿಜವೆಷ್ಟು ಎಂದು ಲೆಕ್ಕ ಹಾಕಿ ನೋಡೋಣ.

ಬಿಯರಿನ ಮೇಲೆ ಎರಡು ತೆರಿಗೆಗಳುಂಟು. ಮೊದಲನೆಯದು ಅಬಕಾರಿ ಸುಂಕ. ಅದನ್ನು ಪಾನೀಯದಲ್ಲಿರುವ ಶುದ್ಧ ಮದ್ಯಸಾರದ ಅಳತೆಯ ಮೇಲೆ ವಿಧಿಸುತ್ತಾರೆ. ಈ ಸುಂಕ ತಯಾರಕನ ಹಂತದಲ್ಲಿಯೇ ಸಲ್ಲುವುದರಿಂದ, ಬಿಯರು ಪಬ್ಬಿಗೆ ಹೋಗುವುದೋ ಅಂಗಡಿಗೆ ಹೋಗುವುದೋ ಎಂದು ಸರಕಾರಕ್ಕೆ ತಿಳಿಯುವುದು ಹೇಗೆ? 1 ಆಗಸ್ಟ್ 2023ರಿಂದ ಅದಕ್ಕೊಂದು ಉಪಾಯ ಮಾಡಿದರು. ನಲ್ಲಿಗೆ ಜೋಡಿಸಿ ಬಗ್ಗಿಸುವಂಥ, 20 ಲೀಟರಿಗೆ ಕಡಿಮೆಯಿಲ್ಲದ ಪೀಪಾಯಿಯ ಬಿಯರಿಗೆ ಸುಂಕ ಕಡಿಮೆ. ಸೀಸೆ ಮತ್ತು ಡಬ್ಬಿಯ ಬಿಯರಿಗೆ ಪೂರ್ತಿ ಸುಂಕ. ಈ ರಿಯಾಯಿತಿ ಮೊದಲು ನೂರಕ್ಕೆ 9.2 ಇದ್ದು, 2025ರ ಫೆಬ್ರವರಿಯಲ್ಲಿ 13.9ಕ್ಕೆ ಏರಿತು.

ನೂರಕ್ಕೆ ನಾಲ್ಕು ಪಾಲು ಮದ್ಯಸಾರವಿರುವ ಒಂದು ಪೈಂಟ್, ಎಂದರೆ 568 ಮಿಲಿಲೀಟರ್ ಬಿಯರನ್ನು ತೆಗೆದುಕೊಳ್ಳಿ. 2025ರ ಆ ದರದಂತೆ ಡಬ್ಬಿಯ ಬಿಯರಿಗೆ ಸುಮಾರು 49 ಪೆನ್ಸ್ ಸುಂಕವಾದರೆ, ಪೀಪಾಯಿಯದಕ್ಕೆ ಸುಮಾರು 42. ಪಬ್ಬಿಗೆ ಸಿಕ್ಕ ಅನುಕೂಲ ಏಳು ಪೆನ್ಸ್.

ಎರಡನೆಯದು ಮೌಲ್ಯವರ್ಧಿತ ತೆರಿಗೆ; ನೂರಕ್ಕೆ 20. ದರ ಇಬ್ಬರಿಗೂ ಒಂದೇ. ಆದರೆ ಇದು ಮದ್ಯಸಾರವನ್ನು ಅಳೆಯುವುದಿಲ್ಲ, ಬೆಲೆಯನ್ನು ಅಳೆಯುತ್ತದೆ. ಲೆಕ್ಕಕ್ಕೆಂದು, ಪಬ್ಬಿನಲ್ಲಿ ಪೈಂಟಿಗೆ 4 ಪೌಂಡು 80 ಪೆನ್ಸ್, ಅಂಗಡಿಯಲ್ಲಿ ಅಷ್ಟೇ ಬಿಯರಿಗೆ 1 ಪೌಂಡು 50 ಪೆನ್ಸ್ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ 80 ಪೆನ್ಸ್, ಎರಡನೆಯದರಲ್ಲಿ 25 ಪೆನ್ಸ್ ಈ ತೆರಿಗೆಗೆ ಹೋಗುತ್ತದೆ. ಮಾಣಿಯ ಸಂಬಳ, ಬಾಡಿಗೆ ಎಲ್ಲವೂ ಬೆಲೆಯಲ್ಲಿ ಸೇರಿ, ಅವುಗಳ ಮೇಲೂ ತೆರಿಗೆ ಬಿದ್ದಂತಾಯಿತು. ಒಂದು ಕೈಯಲ್ಲಿ ಏಳು ಪೆನ್ಸ್ ಕೊಟ್ಟು ಇನ್ನೊಂದು ಕೈಯಲ್ಲಿ 55 ಪೆನ್ಸ್ ಹೆಚ್ಚಾಗಿ ಪಡೆದ ಹಾಗೆ. ಪಬ್ಬಿನವರ ದೂರಿನಲ್ಲಿ ಹುರುಳಿದೆ. ಆದರೂ ತೆರಿಗೆಯನ್ನೆಲ್ಲ ತೆಗೆದು ನೋಡಿದರೆ ಅಂತರ ಹೋಗುವುದಿಲ್ಲ. ಅದರ ಬಹುಪಾಲು ಆಸರೆಯ ಮತ್ತು ಉಪಚಾರದ ಖರ್ಚು.

ಈಗ ಮತ್ತೊಂದು ಪ್ರಶ್ನೆ: ಅಂಗಡಿಯ ಅಗ್ಗದ ಮದ್ಯದಿಂದ ಆಗುವ ಅನಾಹುತ. ಇದಕ್ಕೆ ಸ್ಕಾಟ್ಲೆಂಡಿನವರು ಬೇರೆ ದಾರಿ ಹಿಡಿದರು. 2012ರಲ್ಲಿ ಶಾಸನ ಮಾಡಿ, ವಿಸ್ಕಿ ತಯಾರಕರ ಸಂಘದೊಡನೆ ವರ್ಷಗಟ್ಟಲೆ ಮೊಕದ್ದಮೆ ನಡೆಸಿ ಗೆದ್ದು, 1 ಮೇ 2018ರಿಂದ ಕನಿಷ್ಠ ಬೆಲೆಯನ್ನು ಜಾರಿಗೆ ತಂದರು. ಹತ್ತು ಮಿಲಿಲೀಟರ್ ಶುದ್ಧ ಮದ್ಯಸಾರಕ್ಕೆ 50 ಪೆನ್ಸಿಗಿಂತ ಕಡಿಮೆಗೆ ಯಾರೂ ಮಾರಬಾರದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಅದನ್ನು 65 ಪೆನ್ಸಿಗೆ ಏರಿಸಿದರು. ನಾವು ಹೇಳಿದ ಪೈಂಟಿಗೆ ಇದು ಸುಮಾರು ಒಂದೂವರೆ ಪೌಂಡು; ಪಬ್ಬಿನ ಬೆಲೆ ಅದಕ್ಕಿಂತ ಎಷ್ಟೋ ಮೇಲಿರುವುದರಿಂದ ಅಲ್ಲಿ ಏನೂ ಬದಲಾಗಲಿಲ್ಲ. ಆದರೆ ಮೂರು ಲೀಟರಿನ ಕಟುವಾದ ಸೇಬಿನ ಮದ್ಯ, ಮೊದಲು ನಾಲ್ಕು ಪೌಂಡಿನ ಆಸುಪಾಸಿಗೆ ಸಿಗುತ್ತಿದ್ದುದು, 2018ರಲ್ಲಿಯೇ ಹನ್ನೊಂದು ಪೌಂಡು ದಾಟಿತು. ಈ ಕ್ರಮ ಇಲ್ಲದಿದ್ದರೆ ಆಗಬಹುದಾಗಿದ್ದ ಸಾವುಗಳಿಗೆ ಹೋಲಿಸಿದರೆ, ಮದ್ಯವೇ ನೇರ ಕಾರಣವಾದ ಸಾವುಗಳು ನೂರಕ್ಕೆ 13ರಷ್ಟು ಕಡಿಮೆಯಾದುವೆಂದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು.

ಕುಂದಿಲ್ಲವೆಂದಲ್ಲ. ಏರಿದ ಬೆಲೆಯ ಲಾಭ ಮುಖ್ಯವಾಗಿ ಮಾರುವವನಿಗೇ ಸೇರುತ್ತದೆ, ಆಸ್ಪತ್ರೆಗಲ್ಲ. ಕುಡಿತಕ್ಕೆ ಪೂರ್ತಿ ದಾಸರಾದವರು ಊಟದ ಖರ್ಚನ್ನು ಕಡಿಮೆ ಮಾಡಿ ಕುಡಿದದ್ದೂ ಉಂಟು. ಅಂಥವರಿಗೆ ಬೇಕಾದದ್ದು ಚಿಕಿತ್ಸೆ.

ಪಬ್ಬಿನಲ್ಲಿ ಕುಡಿದ ಮಾತ್ರಕ್ಕೆ ಮದ್ಯ ಅಮೃತವಾಗುವುದಿಲ್ಲ. ಆದರೆ ಅಲ್ಲಿ ಬಡಿಸುವವನ ಕಣ್ಣೊಂದಿರುತ್ತದೆ. ಅಮಲೇರಿದವನಿಗೆ ತಿಳಿದೂ ತಿಳಿದೂ ಮಾರುವುದು ಅಲ್ಲಿನ ಕಾನೂನಿನಂತೆ ಅಪರಾಧ. ಮನೆಯ ಮೂಲೆಯಲ್ಲಿ ಬಾಟಲಿಯ ಮುಂದೆ ಕುಳಿತವನಿಗೆ ಸಾಕೆನ್ನುವವರು ಹೆಂಡತಿ ಮಕ್ಕಳು ಮಾತ್ರ, ಅವರ ಮಾತು ನಡೆದರೆ.

ಆದ್ದರಿಂದ ಇವೆರಡು ಬೇರೆ ಬೇರೆ ಕೆಲಸಗಳೆಂದು ತಿಳಿಯುವುದು ಒಳ್ಳೆಯದು. ಜಗಲಿಯನ್ನು ಉಳಿಸಬೇಕಾದರೆ ಅದರ ಬಾಡಿಗೆ, ತೆರಿಗೆಗಳ ಭಾರವನ್ನು ನೋಡಬೇಕು. ಜೀವವನ್ನು ಉಳಿಸಬೇಕಾದರೆ ಎಲ್ಲಕ್ಕಿಂತ ಅಗ್ಗವಾದ, ಎಲ್ಲಕ್ಕಿಂತ ಕಟುವಾದ ಬಾಟಲಿಯ ಬೆಲೆಯನ್ನು ನೋಡಬೇಕು. ಪೀಪಾಯಿಗೆ ಏಳು ಪೆನ್ಸಿನ ರಿಯಾಯಿತಿ ಕೊಟ್ಟು ಎರಡೂ ಆಯಿತೆಂದರೆ, ಒಂದೂ ಆಗುವುದಿಲ್ಲ.